ಅರ್ಧ ಮಿಲಿಮೀಟರ್ ಕಾಗದ

‘ಹನಿ ಹನಿ ಗೂಡಿದರೆ ಹಳ್ಳ’ ಎಂಬ ಗಾದೆಯನ್ನು ನಮ್ಮ ಹಿರಿಯರು ಉಳಿತಾಯದ ಹಿರಿಮೆಯನ್ನು ತಿಳಿಸಲು ಹೇಳಿದರು. ಅದೇ ಗಾದೆ ಸೋರಿಕೆಗೂ ಸಲ್ಲುತ್ತದೆಂಬ ಅರಿವು ನನಗಾದದ್ದು ಡೆಟ್ರಾಯಿಟ್ ನಗರದ ಹೊರವಲಯದಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ. ಅಲ್ಲಿ ಎರಡು ಕಾರುಗಳ ನಡುವೆ ನಮ್ಮವರ ಯೆಜ್ಡಿ ಮೋಟಾರ್ ಸೈಕಲ್ ನಿಂತಿರುತ್ತದೆ. ಅದರ ಕೆಳಗೆ ಕಾಂಕ್ರೀಟಿನ ಮೇಲೆ ಮೊದಲು ರೂಪಾಯಿಯಷ್ಟಗಲ, ಬಳಿಕ ತಟ್ಟೆಯಷ್ಟಗಲ, ಕಡೆಗೆ ದೋಸೆಯ ಕಾವಲಿಯಷ್ಟಗಲದ ಕಪ್ಪು ಕಲೆಯೊಂದು ಬೆಳೆಯಿತು. ನಾನು ಹಳೆಯ ಪತ್ರಿಕೆಗಳನ್ನು ಹಾಸತೊಡಗಿದೆ. ವಾರಕ್ಕೊಮ್ಮೆ ತೆಗೆದು ಹೊಸದನ್ನು ಹಾಸುವುದು, ನೆಲ ಒರೆಸುವುದು, ಗೊಣಗುವುದು — ಇವು ನನ್ನ ದಿನಚರಿಯ ಅಂಗಗಳಾದವು.

ನಾನು ಇತಿಹಾಸ ಮತ್ತು ಕನ್ನಡ ಸಾಹಿತ್ಯವನ್ನು ಓದಿ ಬಿ.ಎ. ಪದವಿ ಪಡೆದವಳು. ಯಂತ್ರಗಳ ಒಡಲೊಳಗೆ ಇಣುಕುವ ಆಸೆಯಾಗಲಿ ಅಗತ್ಯವಾಗಲಿ ನನಗೆ ಎಂದೂ ಬಂದಿರಲಿಲ್ಲ. ಅದು ನಮ್ಮವರ ಸಾಮ್ರಾಜ್ಯ. ಅಂತಹ ನಾನು ಐವತ್ತು ದಾಟಿದ ಮೇಲೆ ಆ ಮೋಟಾರ್ ಸೈಕಲ್ಲಿನ ಎಂಜಿನ್ನಿನ ಮುಚ್ಚಳ ಬಿಚ್ಚಿ, ಹಳೆಯ ಗ್ಯಾಸ್ಕೆಟ್ಟನ್ನು ಕೆರೆದು ತೆಗೆದು, ಹೊಸದನ್ನು ನನ್ನ ಕೈಯಿಂದಲೇ ಕತ್ತರಿಸಿ ಕೂರಿಸಿದೆನೆಂದರೆ ನನ್ನ ತೌರಿನವರು ಇಂದಿಗೂ ನಂಬುವುದಿಲ್ಲ. ಆ ಕಥೆಯನ್ನು ಈ ಸ್ಮರಣ ಸಂಚಿಕೆಯ ಓದುಗರ ಮುಂದಿಡುವುದು ನನ್ನ ಉದ್ದೇಶ. ನಿಮ್ಮಲ್ಲಿ ಅನೇಕರ ಯೌವನದ ನೆನಪುಗಳಲ್ಲಿ ಈ ವಾಹನದ ಸದ್ದು ಅಡಗಿರಬಹುದು.

ಮೈಸೂರಿನ ಕೂಸು

ಜಾವಾ ಎಂಬ ಹೆಸರು ಕೇಳಿದೊಡನೆ ಅದು ಮೈಸೂರಿನ ಸ್ವಂತ ಸೊತ್ತೆಂದು ನಾವೆಲ್ಲರೂ ಭಾವಿಸುತ್ತಿದ್ದ ಕಾಲವೊಂದಿತ್ತು. ಅದರ ಮೂಲ ಇರುವುದು ಚೆಕ್ ನಾಡಿನ ಪ್ರಾಗ್ ನಗರದಲ್ಲಿ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವನ್ನು ತನ್ನದಾಗಿಸಿಕೊಂಡು, ತನ್ನ ಹೆಸರಿನ ಮೊದಲಕ್ಷರಗಳಿಗೆ ಅದರ ಮೊದಲಕ್ಷರಗಳನ್ನು ಜೋಡಿಸಿ ಈ ಹೆಸರನ್ನು ಕಟ್ಟಿದ. ಇರಾನಿ ಕುಟುಂಬದವರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಉದ್ಘಾಟನೆಗೊಂಡಾಗ, ಅದನ್ನು ನೆರವೇರಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. 1973ರಿಂದ ವಾಹನಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಎರಡೂ ಹೆಸರುಗಳನ್ನು ಬೇರೆ ಸಂಸ್ಥೆಯೊಂದು ಮರಳಿ ತಂದಿದೆ: 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ. ಆದರೆ ಆ ಹೊಸ ವಾಹನಗಳ ಹುಟ್ಟೂರು ಮೈಸೂರಲ್ಲ.

ಹಳೆಯ ಯೆಜ್ಡಿಯ ಎಂಜಿನ್ನು ಬಹು ಸರಳ. ಒಂದೇ ಸಿಲಿಂಡರು, 65 ಮಿಲಿಮೀಟರ್ ವ್ಯಾಸ, 75 ಮಿಲಿಮೀಟರ್ ಹೊಡೆತ, ಎರಡು ಪಕ್ಕಗಳಲ್ಲಿ ಎರಡು ಸೈಲೆನ್ಸರ್‌ಗಳು. ಎಡಗಾಲಿನ ಬಳಿ ಇರುವ ಒಂದೇ ಸನ್ನೆ ಗೇರನ್ನೂ ಬದಲಿಸುತ್ತದೆ; ಅದನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗಿ ಎಂಜಿನ್ನನ್ನು ಎಬ್ಬಿಸುತ್ತದೆ. ಬೇರೆ ಕಂಪನಿಯ ವಾಹನ ಓಡಿಸಿದವರು ಮೊದಲ ಬಾರಿ ಯೆಜ್ಡಿ ಹತ್ತಿದಾಗ ಕಿಕ್ಕರ್ ಎಲ್ಲಿದೆಯೆಂದು ಬಲಗಡೆ ಹುಡುಕಿ ನಗೆಪಾಟಲಿಗೆ ಈಡಾಗುತ್ತಿದ್ದುದನ್ನು ಬಲ್ಲವರೇ ಬಲ್ಲರು.

ನಮ್ಮವರು ಈ ವಾಹನವನ್ನು ಕೊಂಡದ್ದು 1988ರಲ್ಲಿ, ತಮ್ಮ ಮೊದಲ ಉದ್ಯೋಗದ ಸಂಬಳದಲ್ಲಿ. 1993ರಲ್ಲಿ ಮದುವೆಯಾದ ಹೊಸತರಲ್ಲಿ ನಾನು ಅದರ ಹಿಂದಿನ ಆಸನದಲ್ಲಿ ಕುಳಿತು ಚಾಮುಂಡಿಬೆಟ್ಟವನ್ನು ಹತ್ತಿದವಳು. ನಂಜನಗೂಡಿನ ತೇರಿಗೆ ಹೋದವಳು. ಕಾರ್ಖಾನೆ ಮುಚ್ಚಿದ ವರ್ಷವೇ ನಾವು ಅಮೆರಿಕಕ್ಕೆ ಬಂದೆವು. ಗಾಡಿ ಭಾವನವರ ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿ ಉಳಿಯಿತು. ಇಪ್ಪತ್ತೈದು ವರ್ಷ ತುಂಬಿದ ಹೊರದೇಶದ ವಾಹನಗಳಿಗೆ ಅಮೆರಿಕದ ಸುರಕ್ಷತಾ ನಿಯಮಗಳಿಂದ ವಿನಾಯಿತಿಯಿದೆ. ಆ ವಯಸ್ಸು ತುಂಬಿದ ಮೇಲೆ, 2014ರಲ್ಲಿ, ಮರದ ಪೆಟ್ಟಿಗೆಯಲ್ಲಿ ಕುಳಿತು ಹಡಗಿನಲ್ಲಿ ಅದೂ ವಲಸೆ ಬಂದಿತು. ಅದಕ್ಕೆ ತಗುಲಿದ ಖರ್ಚಿನ ಮಾತನ್ನು ಇಲ್ಲಿ ಎತ್ತುವುದಿಲ್ಲ. ಮನೆಯಲ್ಲಿ ಬೇಕಾದಷ್ಟು ಎತ್ತಿದ್ದೇನೆ!

ನಡುಗುವ ಕೈ

2021ರಲ್ಲಿ ನಮ್ಮವರಿಗೆ ಪಾರ್ಕಿನ್ಸನ್ ರೋಗವೆಂದು ವೈದ್ಯರು ತಿಳಿಸಿದರು. ಮೊದಲು ಬಲಗೈಯ ಹೆಬ್ಬೆರಳು, ಆಮೇಲೆ ಇಡೀ ಕೈ. ಅಂಗಿಯ ಗುಂಡಿ ಹಾಕುವುದು, ಸೂಜಿಯಂತಹ ಚಿಕ್ಕ ವಸ್ತು ಹಿಡಿಯುವುದು ದುಸ್ತರವಾಯಿತು. ವಾಹನ ಓಡಿಸುವುದನ್ನು ಅವರಾಗಿಯೇ ಬಿಟ್ಟರು. ಆದರೆ ಭಾನುವಾರಗಳಂದು ಅದನ್ನು ಒರೆಸುವುದು, ಎಂಜಿನ್ನನ್ನು ಐದು ನಿಮಿಷ ಓಡಿಸಿ ಆ ಸದ್ದನ್ನು ಕೇಳುವುದು ನಡೆದೇ ಇತ್ತು.

ಎಣ್ಣೆ ಸೋರಿಕೆ ಹೆಚ್ಚಿದಾಗ ಅವರು ಸ್ಕ್ರೂಡ್ರೈವರ್ ಹಿಡಿದು ಕುಳಿತರು. ಒಂದು ಸ್ಕ್ರೂವನ್ನು ಬಿಗಿ ಮಾಡುವಷ್ಟರಲ್ಲಿ ಮೂರು ಸಲ ಅದು ಜಾರಿತು. ಸ್ಕ್ರೂಡ್ರೈವರನ್ನು ಕೆಳಗಿಟ್ಟು, “ಇನ್ನು ಸಾಕು. ಯಾರಾದರೂ ಬೇಕೆಂದವರಿಗೆ ಕೊಟ್ಟುಬಿಡೋಣ,” ಎಂದರು. ಅಂದಿನಿಂದ ಭಾನುವಾರದ ಆ ಸದ್ದೂ ನಿಂತಿತು. ಅವರು ಗ್ಯಾರೇಜಿಗೆ ಹೋಗುವುದನ್ನೇ ಬಿಟ್ಟರು. ಗೊಣಗುತ್ತ ನೆಲ ಒರೆಸುತ್ತಿದ್ದ ನನಗೆ ಒರೆಸುವ ಕೆಲಸ ಕಡಿಮೆಯಾದರೂ ಮನಸ್ಸಿಗೆ ನೆಮ್ಮದಿಯಾಗಲಿಲ್ಲ.

ಸಮೀಪದ ಮೋಟಾರ್ ಸೈಕಲ್ ಅಂಗಡಿಯೊಂದನ್ನು ವಿಚಾರಿಸಿದೆ. ಆ ಹೆಸರನ್ನೇ ಅವರು ಕೇಳಿರಲಿಲ್ಲ. ಬಿಡಿಭಾಗ ಸಿಗದ ವಾಹನವನ್ನು ಮುಟ್ಟುವುದಿಲ್ಲವೆಂದು ವಿನಯದಿಂದಲೇ ಹೇಳಿ ಕಳುಹಿಸಿದರು. ಆಗ ನೆನಪಾದವರು ಮೈಸೂರಿನ ಮೇಸ್ತ್ರಿ. ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುವ ವಿಭಾಗದಲ್ಲಿದ್ದು, ಅದು ಮುಚ್ಚಿದ ಮೇಲೆ ತಗಡಿನ ಸೂರಿನಡಿ ರಿಪೇರಿ ಮಾಡುತ್ತ ಬದುಕಿದವರು. ಈಗ ಎಪ್ಪತ್ತರ ಮೇಲೆ ವಯಸ್ಸು. ಅಂಗಡಿಯನ್ನು ಮಗ ನೋಡಿಕೊಳ್ಳುತ್ತಾನೆ. ಭಾವನವರ ಮೂಲಕ ಅವರ ದೂರವಾಣಿ ಸಂಖ್ಯೆ ಸಿಕ್ಕಿತು. ನಮ್ಮಲ್ಲಿ ರಾತ್ರಿ ಒಂಬತ್ತಾದಾಗ ಮೈಸೂರಿನಲ್ಲಿ ಬೆಳಗಿನ ಆರೂವರೆ. ಅವರ ಕಾಫಿಯ ವೇಳೆಗೆ ನಾನು ಫೋನಿನ ಪರದೆಯಲ್ಲಿ ಅವರಿಗೆ ಯೆಜ್ಡಿಯನ್ನು ತೋರಿಸಿದೆ.

“ರಿಪೇರಿ ಯಾರು ಮಾಡ್ತಾರೆ, ಸಾರಾ?” ಎಂದು ಕೇಳಿದರು.

“ನಾನೇ ಮಾಡುತ್ತೇನೆ, ಮೇಸ್ತ್ರಿಗಳೇ. ನೀವು ಹೇಳಿಕೊಡಿ.”

ಅವರು ಒಂದು ಕ್ಷಣ ಸುಮ್ಮನಿದ್ದು, “ಆಗಲಿ ಅಮ್ಮಾವ್ರೇ. ರೊಟ್ಟಿ ತಟ್ಟೋ ಕೈಗೆ ಇದೇನು ಮಹಾ?” ಎಂದರು. ಆ ಒಂದು ಮಾತು ನನಗೆ ಸಾಕಾಗಿತ್ತು.

ಗ್ಯಾಸ್ಕೆಟ್ ಎಂದರೇನು?

ನಮ್ಮ ಮೇಸ್ತ್ರಿಗಳ ಬಾಯಲ್ಲಿ ಗ್ಯಾಸ್ಕೆಟ್ಟಿನ ಹೆಸರು ‘ಪ್ಯಾಕಿಂಗ್’. ಎರಡು ಲೋಹದ ಭಾಗಗಳು ಕೂಡುವೆಡೆಯಲ್ಲಿ ಇಡುವ ತೆಳುವಾದ ಮೆದು ಪದರ ಅದು. ಎಷ್ಟೇ ನಯವಾಗಿ ಕಡೆದರೂ ಲೋಹದ ಮುಖ ಪೂರ್ಣ ಸಮತಲವಾಗಿರುವುದಿಲ್ಲ. ಕಣ್ಣಿಗೆ ಕಾಣದ ಏರುತಗ್ಗುಗಳಿರುತ್ತವೆ. ಲೋಹಕ್ಕೆ ಲೋಹವನ್ನು ಒತ್ತಿದರೆ ಏರುಗಳು ತಾಗಿ, ತಗ್ಗುಗಳಲ್ಲಿ ಎಣ್ಣೆಗೆ ದಾರಿ ಉಳಿಯುತ್ತದೆ. ನಡುವೆ ಇಟ್ಟ ಮೆದು ಪದರ ಒತ್ತಡಕ್ಕೆ ಮಣಿದು ಆ ತಗ್ಗುಗಳನ್ನು ತುಂಬುತ್ತದೆ.

ಎಂಜಿನ್ನಿನ ಎಲ್ಲ ಪ್ಯಾಕಿಂಗುಗಳೂ ಒಂದೇ ಬಗೆಯವಲ್ಲ. ಸಿಲಿಂಡರಿನ ತಲೆಯ ಬಳಿ ಬೆಂಕಿಯ ಶಾಖ, ಸ್ಫೋಟದ ಒತ್ತಡ ಎರಡೂ ಇರುವುದರಿಂದ ಅಲ್ಲಿಗೆ ತಾಮ್ರ ಅಥವಾ ಅಲ್ಯುಮಿನಿಯಂನಂತಹ ಲೋಹದ್ದು ಬೇಕು. ಸಿಲಿಂಡರಿನ ಬುಡದಲ್ಲಿ ಕಾಗದದ್ದು ನಡೆಯುತ್ತದೆ. ಆದರೆ ಅಲ್ಲಿ ಸೀಳಿದರೆ ಅಪಾಯ ಹೆಚ್ಚು. ಯೆಜ್ಡಿಯಂತಹ ಟೂ-ಸ್ಟ್ರೋಕ್ ಎಂಜಿನ್ನು ಪೆಟ್ರೋಲ್ ಮತ್ತು ಎಣ್ಣೆಯ ಮಿಶ್ರಣವನ್ನು ಮೊದಲು ತನ್ನ ಕೆಳಗೂಡಿಗೆ ಎಳೆದುಕೊಳ್ಳುತ್ತದೆ. ಬುಡದಲ್ಲಿ ಬಿರುಕಿದ್ದರೆ ಅಲ್ಲಿಂದ ಹೊರಗಿನ ಗಾಳಿ ನುಗ್ಗಿ, ಮಿಶ್ರಣ ತೆಳುವಾಗಿ, ಎಂಜಿನ್ನು ಅತಿಯಾಗಿ ಕಾದು ಪಿಸ್ಟನ್ನು ಹಿಡಿದುಕೊಳ್ಳಬಹುದು. ಹೊರಗೆ ತೊಟ್ಟಿಕ್ಕುವ ಹನಿಗಿಂತ ಒಳಗೆ ಸೇರುವ ಗಾಳಿಯೇ ಅಲ್ಲಿ ಶತ್ರು.

ಮೂರನೆಯದು ಪಕ್ಕದ ಮುಚ್ಚಳದ ಪ್ಯಾಕಿಂಗ್. ಯೆಜ್ಡಿಯ ಎಡ ಮುಚ್ಚಳದ ಹಿಂದೆ ಎಂಜಿನ್ನಿನ ಒಳ ಸರಪಳಿಯೂ ಕ್ಲಚ್ಚಿನ ಬಿಲ್ಲೆಗಳೂ ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ. ಆ ಎಣ್ಣೆ ಕಡಿಮೆಯಾದರೆ ಅವೆರಡೂ ಸವೆದು ಹಾಳಾಗುತ್ತವೆ. ನಮ್ಮ ಗಾಡಿ ಸೋರುತ್ತಿದ್ದುದು ಇಲ್ಲಿಂದ ಇರಬೇಕೆಂದು ಮೇಸ್ತ್ರಿಗಳ ಊಹೆ.

ಮುಖದ ಪೌಡರಿನ ಪರೀಕ್ಷೆ

ಊಹೆಯ ಮೇಲೆ ಸ್ಕ್ರೂ ಬಿಚ್ಚುವುದಕ್ಕೆ ಅವರು ಒಪ್ಪಲಿಲ್ಲ. “ಹನಿ ಬೀಳೋ ಜಾಗ ಬೇರೆ, ಸೋರೋ ಜಾಗ ಬೇರೆ,” ಎಂದರು. ಎಣ್ಣೆ ಮೇಲೆಲ್ಲೋ ಜಿನುಗಿ, ಮುಚ್ಚಳದ ಅಂಚಿನುದ್ದಕ್ಕೂ ಹರಿದು, ಎಲ್ಲಕ್ಕಿಂತ ತಗ್ಗಾದೆಡೆಯಲ್ಲಿ ತೊಟ್ಟಿಕ್ಕುತ್ತದೆ. ಆದ್ದರಿಂದ ಎಂಜಿನ್ನನ್ನು ಚೆನ್ನಾಗಿ ತೊಳೆದು, ಒರೆಸಿ, ಪೂರ್ಣ ಒಣಗಿಸಿದೆ. ಆಮೇಲೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ಅಂಚಿನ ಸುತ್ತ ಉದುರಿಸಿದೆ. ಎಂಜಿನ್ನು ಹತ್ತು ನಿಮಿಷ ಓಡಿತು. ಆರಿಸಿ ದೀಪ ಹಿಡಿದು ನೋಡಿದರೆ, ಬಿಳಿಯ ಪೌಡರಿನ ಮೇಲೆ ಮುಂಭಾಗದ ಕೆಳ ಅಂಚಿನಲ್ಲಿ, ಎರಡು ಸ್ಕ್ರೂಗಳ ನಡುವೆ, ಕಾಡಿಗೆ ತೀಡಿದಂತೆ ಕಪ್ಪು ಗೆರೆಯೊಂದು ಮೂಡಿತ್ತು! ಎಣ್ಣೆ ಬಸಿಯುವ ಬೋಲ್ಟಿನ ಬಳಿಯಾಗಲಿ, ಗೇರ್ ಸನ್ನೆಯ ದಂಡದ ಸುತ್ತಲಾಗಲಿ ಪೌಡರು ಒಣಗಿಯೇ ಇದ್ದಿತು.

ಎಣ್ಣೆ ಕಡಿಮೆಯಾಗುತ್ತಿದ್ದು, ಹೊರಗೆ ಎಲ್ಲಿಯೂ ಸೋರದೆ, ಸೈಲೆನ್ಸರಿನಲ್ಲಿ ಹೊಗೆ ಮಾತ್ರ ದಟ್ಟವಾಗಿದ್ದರೆ ದೋಷ ಬೇರೆಯಂತೆ. ಒಳಗಿನ ಸೀಲ್ ಹೋಗಿರುತ್ತದೆ. ಅದಕ್ಕೆ ಎಂಜಿನ್ನಿನ ಆಳಕ್ಕೆ ಇಳಿಯಬೇಕು. ನಮ್ಮ ಪುಣ್ಯಕ್ಕೆ ಹಾಗಾಗಿರಲಿಲ್ಲ.

ಮುಚ್ಚಳ ತೆರೆದಾಗ

ಮುಂದಿನ ಶನಿವಾರ ಎಂಜಿನ್ನನ್ನು ಕೊಂಚ ಬೆಚ್ಚಗಾಗಿಸಿ ಎಣ್ಣೆ ಬಸಿದೆವು. ಬೆಚ್ಚಗಿನ ಎಣ್ಣೆ ಬೇಗ ಇಳಿಯುತ್ತದೆ. ಗೇರ್ ಸನ್ನೆಯನ್ನು ಹಿಡಿದಿದ್ದ ಬೋಲ್ಟು ಸಡಿಲಿಸಿ ಅದನ್ನು ದಂಡದಿಂದ ಕಳಚಿದೆ. ಸ್ಕ್ರೂಗಳ ತಲೆಗಳು ಹಲವು ಕೈಗಳ ಕಾಟದಿಂದ ಸವೆದಿದ್ದವು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿದ್ದರಿಂದ ಅವು ಮಣಿದವು.

ಇಲ್ಲಿ ಮೇಸ್ತ್ರಿಗಳು ಹೇಳಿಕೊಟ್ಟ ಉಪಾಯವೊಂದನ್ನು ಎಲ್ಲರೂ ನೆನಪಿಡಬೇಕು. ಎಲ್ಲ ಸ್ಕ್ರೂಗಳ ಉದ್ದ ಒಂದೇ ಅಲ್ಲ. ರಟ್ಟಿನ ಮೇಲೆ ಮುಚ್ಚಳದ ಆಕಾರ ಬರೆದು, ಬಿಚ್ಚಿದ ಸ್ಕ್ರೂವನ್ನು ಅದರದರ ಸ್ಥಾನದಲ್ಲೇ ಚುಚ್ಚಿಡಬೇಕು. ಗಿಡ್ಡ ಸ್ಕ್ರೂವಿನ ತೂತಿಗೆ ಉದ್ದದ್ದು ಹೋದರೆ, ಅದರ ತುದಿ ತಳ ಮುಟ್ಟಿ ನಿಲ್ಲುತ್ತದೆ. ಕೈಗೆ ಬಿಗಿಯಾದಂತೆ ತೋರಿದರೂ ಮುಚ್ಚಳ ಸಡಿಲವಾಗಿಯೇ ಇರುತ್ತದೆ. ನಾನು ರಟ್ಟಿನಲ್ಲಿ ಸ್ಕ್ರೂ ಚುಚ್ಚುತ್ತಿರುವಾಗ, ಅಂದೇ ಮೊದಲ ಬಾರಿಗೆ ಗ್ಯಾರೇಜಿಗೆ ಬಂದು ನಿಂತಿದ್ದ ನಮ್ಮವರು, “ಸಂಖ್ಯೆ ಬರೆ, ಇಲ್ಲದಿದ್ದರೆ ರಟ್ಟು ತಿರುಗಿದರೆ ಗೊಂದಲವಾಗುತ್ತದೆ,” ಎಂದರು. ಪೆನ್ನನ್ನು ಅವರ ಕೈಗೇ ಕೊಟ್ಟೆ. ಒಂದು, ಎರಡು, ಮೂರು ಎಂದು ಬರೆಯುತ್ತ ಹೋದರು. ಈ ರೋಗದಲ್ಲಿ ಬರವಣಿಗೆ ಬರುಬರುತ್ತ ಕಿರಿದಾಗುತ್ತದೆ. ಮೊದಲ ಅಂಕಿ ದೊಡ್ಡದಾಗಿತ್ತು. ಕೊನೆಯದು ಎಳ್ಳಿನ ಕಾಳಿನಷ್ಟು. ಆದರೂ ಎಲ್ಲವೂ ಓದುವಂತಿದ್ದವು.

ಮುಚ್ಚಳ ಅಂಟಿಕೊಂಡಿತ್ತು. ಅದರ ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಮೀಟಬಾರದು. ಮೆದುವಾದ ಅಲ್ಯುಮಿನಿಯಂ ಮುಖಕ್ಕೆ ಗಾಯವಾದರೆ ಅದೇ ಮುಂದಿನ ಸೋರಿಕೆಯ ಬಾಗಿಲು. ರಬ್ಬರ್ ಸುತ್ತಿಗೆಯಿಂದ ಸುತ್ತ ಮೆಲ್ಲನೆ ತಟ್ಟಿದಾಗ ಅದು ಬಿಟ್ಟುಕೊಂಡಿತು. ಹಳೆಯ ಪ್ಯಾಕಿಂಗ್ ಹಪ್ಪಳದಂತೆ ಗರಿಗರಿಯಾಗಿ ತುಂಡು ತುಂಡಾಯಿತು. ವರ್ಷಾನುವರ್ಷ ಕಾದು ಆರಿ, ಕೊಟ್ಟಿಗೆಯಲ್ಲಿ ಒಣಗಿ, ಮಿಷಿಗನ್ನಿನ ಚಳಿಯಲ್ಲಿ ಸೆಟೆದು ಅದು ತನ್ನ ಮೆದುತನವನ್ನೇ ಕಳೆದುಕೊಂಡಿತ್ತು. ಹಳೆಯ ಕಾಲದ ಪ್ಯಾಕಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವುಂಟು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಆದ್ದರಿಂದ ಒಣಗಿದ್ದನ್ನು ಕೆರೆಯದೆ, ನೀರು ಹಾಕಿ ನೆನೆಸಿ, ಮುಖಕ್ಕೆ ಮುಸುಕು ಧರಿಸಿ, ಹಳೆಯದೊಂದು ಮರದ ಸಟ್ಟುಗದ ಅಂಚಿನಿಂದ ಎಬ್ಬಿಸಿದೆ. ಅಡುಗೆಮನೆಯ ಆಯುಧಕ್ಕೆ ಅಲ್ಲಿ ದೊರೆತ ಗೌರವ ನನಗೆ ಹೆಮ್ಮೆ ತಂದಿತು.

ಮೊದಲ ಸೋಲು

ಪ್ಯಾಕಿಂಗ್ ಕಾಗದವನ್ನು ತರಿಸಲು ನಾಲ್ಕು ದಿನ ಬೇಕಿತ್ತು. ನನಗೆ ತಾಳ್ಮೆ ಇರಲಿಲ್ಲ. ಬೆಳಗಿನ ತಿಂಡಿಯ ಕಾರ್ನ್‌ಫ್ಲೇಕ್ಸ್ ಡಬ್ಬದ ರಟ್ಟನ್ನು ಕತ್ತರಿಸಿ ಕೂರಿಸಿದೆ. ರಸ್ತೆಯಲ್ಲಿ ಕೈಕೊಟ್ಟ ಗಾಡಿಗಳಿಗೆ ಹೀಗೆ ಮಾಡುವುದುಂಟೆಂದು ನಮ್ಮವರೂ ಹೇಳಿದರು. ಸ್ಕ್ರೂಗಳನ್ನು ನನ್ನ ಶಕ್ತಿಯೆಲ್ಲ ಬಳಸಿ ಬಿಗಿದೆ. ಮೂರನೆಯ ದಿನ ಪತ್ರಿಕೆಯ ಮೇಲೆ ಅದೇ ಹನಿ, ಅದೇ ಜಾಗದಲ್ಲಿ! ಇನ್ನೂ ಕೊಂಚ ಬಿಗಿದೆ. ಮರುದಿನ ಹನಿ ಹೆಚ್ಚಾಗಿತ್ತು.

ಮೇಸ್ತ್ರಿಗಳು ಕೇಳಿ ನಕ್ಕರು. “ಡಬ್ಬದ ರಟ್ಟು ಮನೆ ಸೇರೋಕೆ ಸಾಕು ಅಮ್ಮಾವ್ರೇ, ಮನೇಲಿ ಇರೋಕೆ ಸಾಲದು. ಆಮೇಲೆ, ನೀವು ಬಿಗಿ ಮಾಡಿದ್ದಕ್ಕೇ ಜಾಸ್ತಿ ಸೋರ್ತಿದೆ.”

ನನಗೆ ಅರ್ಥವಾಗಲಿಲ್ಲ. ಸೋರುವುದನ್ನು ಬಿಗಿ ಮಾಡಿದರೆ ನಿಲ್ಲಬೇಕಲ್ಲವೆ?

ಅವರು ವಿವರಿಸಿದರು. ಸ್ಕ್ರೂವನ್ನು ಅತಿಯಾಗಿ ಬಿಗಿದರೆ ಮುಚ್ಚಳದ ಅಂಚು ಸ್ಕ್ರೂ ಇರುವಲ್ಲಿ ಒಳಕ್ಕೆ ಎಳೆಯಲ್ಪಟ್ಟು, ಎರಡು ಸ್ಕ್ರೂಗಳ ನಡುವೆ ಕಮಾನಿನಂತೆ ಹೊರಕ್ಕೆ ಬಾಗುತ್ತದೆ. ಕಮಾನಿನ ಕೆಳಗೆ ಎಣ್ಣೆ ದಾರಿ ಮಾಡಿಕೊಳ್ಳುತ್ತದೆ. ಸೋರಿತೆಂದು ಮತ್ತೆ ಬಿಗಿದರೆ ಕಮಾನು ಮತ್ತಷ್ಟು ಎತ್ತರವಾಗುತ್ತದೆ. ವರ್ಷಗಳಿಂದ ಅನೇಕ ಕೈಗಳು ಮಾಡಿದ ತಪ್ಪೇ ಇದು. ನಾನೂ ಅದನ್ನೇ ಮುಂದುವರಿಸಿದ್ದೆ. “ಇದು ಬಿಗಿ ಮಾಡೋ ಕೆಲಸ ಅಲ್ಲ ಅಮ್ಮಾವ್ರೇ, ಸಮ ಮಾಡೋ ಕೆಲಸ,” ಎಂದರು.

ಗಂಧ ತೇಯ್ದಂತೆ

ಸಮ ಮಾಡುವುದು ಹೇಗೆ? ದಪ್ಪನೆಯ ಗಾಜಿನ ಹಲಗೆ ಅಪ್ಪಟ ಸಮತಲವಾಗಿರುತ್ತದೆ. ಅದರ ಮೇಲೆ ನುಣುಪಾದ ಎಮರಿ ಕಾಗದ ಹಾಸಿ, ಕೊಂಚ ನೀರು ಚಿಮುಕಿಸಿ, ಮುಚ್ಚಳವನ್ನು ಬೋರಲಾಗಿಟ್ಟು ಇಂಗ್ಲಿಷಿನ ಎಂಟರ ಅಂಕಿಯ ಆಕಾರದಲ್ಲಿ ತೇಯಬೇಕು. ಮೊದಲೇ ಅಂಚಿನ ಸುತ್ತ ಪೆನ್ನಿನಿಂದ ಬಣ್ಣ ಬಳಿದಿರಬೇಕು. ಎತ್ತರದ ಭಾಗಗಳಲ್ಲಿ ಬಣ್ಣ ಅಳಿಯುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಎಲ್ಲೆಡೆ ಬಣ್ಣ ಅಳಿದು ಒಂದೇ ಹೊಳಪು ಬರುವವರೆಗೆ ತೇಯಬೇಕು. ಅದಕ್ಕಿಂತ ಒಂದು ಸುತ್ತೂ ಹೆಚ್ಚು ತೇಯಬಾರದು.

ನಾನು ಆರಂಭಿಸಿದೆ. ಪೌಡರಿನಲ್ಲಿ ಕಪ್ಪು ಗೆರೆ ಕಂಡ ಜಾಗದಲ್ಲೇ ಬಣ್ಣ ಹಾಗೆಯೇ ಉಳಿದಿತ್ತು. ಸುಳ್ಳು ಹೇಳದ ಸಾಕ್ಷಿ! ನನ್ನ ಭುಜ ನೋಯತೊಡಗಿತು. ಪರದೆಯಲ್ಲಿ ನೋಡುತ್ತಿದ್ದ ಮೇಸ್ತ್ರಿಗಳು, “ಅದನ್ನ ಸಾರ್ ಕೈಗೆ ಕೊಡಿ. ಇದು ನಿಧಾನದ ಕೆಲಸ,” ಎಂದರು.

ನಾನು ಹಿಂಜರಿದೆ. ಎರಡು ವರ್ಷಗಳಿಂದ ನಾನು ಅವರ ಕೈಯಿಂದ ಒಂದೊಂದೇ ಕೆಲಸವನ್ನು ತೆಗೆದುಕೊಂಡಿದ್ದೆ. ಕಾಫಿ ಲೋಟ ಚೆಲ್ಲೀತೆಂದು ನಾನೇ ಹಿಡಿಯುತ್ತಿದ್ದೆ; ತರಕಾರಿ ಹೆಚ್ಚುವ ಚಾಕುವನ್ನು ಮೇಲಿಟ್ಟಿದ್ದೆ; ಬ್ಯಾಂಕಿನ ಕಾಗದಗಳನ್ನು ನಾನೇ ತುಂಬುತ್ತಿದ್ದೆ. ಎಲ್ಲವೂ ಪ್ರೀತಿಯಿಂದಲೇ.

ನಮ್ಮವರು ಕುರ್ಚಿ ಎಳೆದುಕೊಂಡು ಕುಳಿತು ಎರಡೂ ಅಂಗೈಗಳನ್ನು ಮುಚ್ಚಳದ ಮೇಲಿಟ್ಟರು. ಈ ರೋಗದ ನಡುಕ ಸಾಮಾನ್ಯವಾಗಿ ಕೈ ಸುಮ್ಮನಿರುವಾಗ ಹೆಚ್ಚು; ಉದ್ದೇಶಪೂರ್ವಕವಾಗಿ ಚಲಿಸುವಾಗ ತಗ್ಗುತ್ತದೆ. ವೈದ್ಯರು ಇದನ್ನು ಹೇಳಿದ್ದರು. ನಾನು ಕೇಳಿ ಮರೆತಿದ್ದೆ. ಸ್ಕ್ರೂವಿನಂತಹ ಚಿಕ್ಕದನ್ನು ಹಿಡಿಯಲಾಗದ ಆ ಕೈಗಳು, ಸಾಣೆಕಲ್ಲಿನ ಮೇಲೆ ಗಂಧದ ಕೊರಡನ್ನು ತೇಯುವಂತೆ, ಅಷ್ಟಗಲದ ಸುತ್ತುಗಳನ್ನು ಒಂದೇ ಲಯದಲ್ಲಿ ಸುತ್ತತೊಡಗಿದವು. ಮುಕ್ಕಾಲು ಗಂಟೆ ಅವರು ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಮೈಸೂರಿನಲ್ಲಿ ಮೇಸ್ತ್ರಿಗಳ ಮೊಮ್ಮಗು ಶಾಲೆಗೆ ಹೊರಡುವ ಗದ್ದಲ ಮಾತ್ರ ಕೇಳುತ್ತಿತ್ತು. ಕೊನೆಗೆ ಅವರು ಮುಚ್ಚಳವನ್ನು ದೀಪದ ಕಡೆ ತಿರುಗಿಸಿ ಹಿಡಿದಾಗ ಅಂಚಿನ ಸುತ್ತ ಬೆಳ್ಳಿಯ ಕಟ್ಟು ಹಾಕಿದಂತೆ ಒಂದೇ ಸಮನಾದ ಹೊಳಪು. “ರೀ, ಚೆನ್ನಾಗಿ ಬಂದಿದೆ,” ಎಂದೆ. ಅವರು, “ಇನ್ನೊಂದು ಸಲ ನೋಡು,” ಎಂದರು. ಹಳೆಯ ಎಂಜಿನಿಯರರ ಧ್ವನಿ.

ಕತ್ತರಿಸುವ ಕಲೆ

ಅಷ್ಟರಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಪ್ಯಾಕಿಂಗ್ ಕಾಗದ ಬಂದಿತ್ತು. ಮೈಸೂರಿನ ಅಂಗಡಿಗಳಲ್ಲಿ ಕಾಗದವನ್ನು ಎಂಜಿನ್ನಿನ ಮೇಲೆಯೇ ಹಿಡಿದು, ಗುಂಡುತಲೆಯ ಸುತ್ತಿಗೆಯಿಂದ ಅಂಚಿನುದ್ದಕ್ಕೂ ತಟ್ಟಿ ಕತ್ತರಿಸುತ್ತಾರೆ. ಹೊಸ ಕೈ ಅದನ್ನು ಮಾಡಿದರೆ ಲೋಹಕ್ಕೆ ಪೆಟ್ಟು ಬೀಳುತ್ತದೆಂದು ಮೇಸ್ತ್ರಿಗಳು ನನಗೆ ಬೇರೆ ದಾರಿ ತೋರಿಸಿದರು. ಮುಚ್ಚಳದ ಅಂಚಿಗೆ ತೆಳುವಾಗಿ ಎಣ್ಣೆ ಸವರಿ ಕಾಗದದ ಮೇಲೆ ಒತ್ತಿದೆ, ಅಚ್ಚು ಮೂಡಿತು. ಗೋಕುಲಾಷ್ಟಮಿಯಂದು ಮುಷ್ಟಿಯನ್ನು ಹಿಟ್ಟಿನಲ್ಲಿ ಅದ್ದಿ ಪುಟ್ಟ ಪಾದಗಳನ್ನು ಒತ್ತುವ ನಮಗೆ ಇದು ಹೊಸದೇ?

ಇಲ್ಲಿಯೂ ಕ್ರಮವಿದೆ. ಮೊದಲು ಸ್ಕ್ರೂಗಳ ತೂತುಗಳನ್ನು ಮಾಡಬೇಕು. ಆಮೇಲೆ ಒಳ ಅಂಚು. ಕಡೆಗೆ ಹೊರ ಅಂಚು. ಮೊದಲೇ ಅಂಚು ಕತ್ತರಿಸಿದರೆ ಉಳಿಯುವುದು ರಿಬ್ಬನ್ನಿನಂತಹ ಪಟ್ಟಿ. ಅದರಲ್ಲಿ ನೇರವಾಗಿ ತೂತು ಹಾಕುವುದು ಅಸಾಧ್ಯ. ತೂತುಗಳಿಗೆ ಚರ್ಮ ಕೊರೆಯುವ ಪಂಚು, ಅಂಚಿಗೆ ಉಗುರು ಕತ್ತರಿಸುವ ಚಿಕ್ಕ ಕತ್ತರಿ. ರವಿಕೆಯ ಕೊರಳಿನ ತಿರುವುಗಳನ್ನು ಕತ್ತರಿಸಿದ ಅನುಭವ ಇಲ್ಲಿ ನನ್ನ ಕೈ ಹಿಡಿಯಿತು.

ಗೇರ್ ದಂಡದ ಸುತ್ತಲಿನ ರಬ್ಬರ್ ಬಳೆಗೆ ದಂಡದ ಹಲ್ಲುಗಳು ಗೀರದಂತೆ, ದಂಡಕ್ಕೆ ತೆಳುವಾದ ಟೇಪು ಸುತ್ತಿ ಎಣ್ಣೆ ಸವರಿದೆವು. ಕಾಗದದ ಒಂದು ಮುಖಕ್ಕೆ ಗ್ರೀಸಿನ ಲೇಪ, ಕೈಗೆ ಜಿಡ್ಡಾಗುವಷ್ಟು ಮಾತ್ರ. ಅಂಟು ಲೇಪನವನ್ನು ಧಾರಾಳವಾಗಿ ಬಳಿಯುವುದು ಇಂದಿನ ಚಾಳಿ. ಹೆಚ್ಚಾದುದು ಒಳಗೆ ಉದುರಿ ಎಣ್ಣೆಯ ದಾರಿಯನ್ನೇ ಮುಚ್ಚೀತು. ರಟ್ಟಿನ ಮೇಲಿನ ಅಂಕಿಗಳನ್ನು ನಮ್ಮವರು ಓದಿ ಹೇಳಿದಂತೆ ಸ್ಕ್ರೂಗಳನ್ನು ಆಯಾ ಸ್ಥಾನಕ್ಕೆ ಹಾಕಿದೆ. ಒಂದನ್ನು ಕೊಂಚ ತಿರುಗಿಸಿದರೆ ಮುಂದಿನದು ಅದರ ಎದುರಿನದು; ಹೀಗೆ ಮೂರು ಸುತ್ತು. ಕೊನೆಯ ಸುತ್ತಿನಲ್ಲಿ ನನ್ನ ಕೈ ಅಭ್ಯಾಸಬಲದಿಂದ ಇನ್ನೊಂದು ತಿರುವು ಕೊಡಲು ಹೋಯಿತು. “ಸಾಕು ಬಿಡು,” ಎಂದರು ನಮ್ಮವರು. ಬಿಟ್ಟೆ.

ಒಣಗಿದ ಪತ್ರಿಕೆ

ಹೊಸ ಎಣ್ಣೆ ತುಂಬಿ, ರಾತ್ರಿಯಿಡೀ ಬಿಟ್ಟು, ಮರುದಿನ ಭಾನುವಾರ ಬೆಳಿಗ್ಗೆ ಕಿಕ್ಕರ್ ತುಳಿದೆ. ನಾಲ್ಕನೆಯ ತುಳಿತಕ್ಕೆ ಯೆಜ್ಡಿ ಎದ್ದಿತು. ಆ ಸದ್ದನ್ನು ಅಕ್ಷರಗಳಲ್ಲಿ ಹೇಗೆ ಹೇಳಲಿ? ಕೇಳಿದವರಿಗೆ ಹೇಳಬೇಕಾಗಿಲ್ಲ, ಕೇಳದವರಿಗೆ ಹೇಳಿ ಫಲವಿಲ್ಲ. ನಮ್ಮವರು ಬಾಗಿಲ ಬಳಿ ನಿಂತು ತಲೆ ಓರೆ ಮಾಡಿ ಆಲಿಸುತ್ತಿದ್ದರು. ಎಂಜಿನ್ನು ಕಾದು ಆರಿದ ಮೇಲೆ ಸ್ಕ್ರೂಗಳನ್ನು ಒಮ್ಮೆ ಮುಟ್ಟಿ ನೋಡಬೇಕು. ಹೊಸ ಕಾಗದ ಕೊಂಚ ಕುಸಿದಿರುತ್ತದೆ. ಆಮೇಲೆ ಅವುಗಳ ತಂಟೆಗೆ ಹೋಗಬಾರದು. ಹಾಗೆಯೇ ಮಾಡಿದೆವು. ಬಸಿದ ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯದೆ ಮರುಬಳಕೆಯ ಕೇಂದ್ರಕ್ಕೆ ಮುಟ್ಟಿಸಿದೆವು.

ಇದು ನಡೆದದ್ದು 2023ರ ಬೇಸಿಗೆಯಲ್ಲಿ. ನಮ್ಮವರ ರೋಗ ಗುಣವಾಗಲಿಲ್ಲ. ಅದು ಗುಣವಾಗುವ ರೋಗವಲ್ಲ. ಆದರೆ ತರಕಾರಿ ಹೆಚ್ಚುವ ಚಾಕು ಕೆಳಗಿನ ಖಾನೆಗೆ ಮರಳಿ ಬಂದಿದೆ. ಹುರುಳಿಕಾಯಿಯ ತುಂಡುಗಳು ಸಣ್ಣದು ದೊಡ್ಡದಾಗಿರುತ್ತವೆ. ಪಲ್ಯಕ್ಕೆ ಅದರಿಂದ ಯಾವ ಬಾಧೆಯೂ ಇಲ್ಲ. ಕಾಫಿ ಕೆಲವೊಮ್ಮೆ ಚೆಲ್ಲುತ್ತದೆ, ಒರೆಸುತ್ತೇನೆ. ಸಂಕಿಗಳಿರುವ ಆ ರಟ್ಟನ್ನು ಗ್ಯಾರೇಜಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೇನೆ.

ಮಾನ್ಯ ಪ್ರತಿನಿಧಿಗಳೆ, ಯೆಜ್ಡಿ ಕಾರ್ಖಾನೆಯಲ್ಲಿ ದುಡಿದ ಕೈಗಳು ಈಗ ಮುಪ್ಪಾಗಿವೆ. ಸನ್ನೆಯೊಂದರ ಅಲುಗಾಟದಿಂದ, ಸದ್ದಿನ ಏರಿಳಿತದಿಂದ ದೋಷವನ್ನು ಕಂಡುಹಿಡಿಯುವ ಅವರ ವಿದ್ಯೆ ಎಷ್ಟೋ ಮಟ್ಟಿಗೆ ಪುಸ್ತಕಗಳಲ್ಲಿಲ್ಲ. ಮುಂದಿನ ಬಾರಿ ಊರಿಗೆ ಹೋದಾಗ, ಮೈಸೂರು ಪಾಕು ಮಲ್ಲಿಗೆ ಸೀರೆಗಳ ಜೊತೆಗೆ, ಅಂತಹ ಹಿರಿಯರೊಬ್ಬರ ಪಕ್ಕದಲ್ಲಿ ಒಂದು ಗಂಟೆ ಕುಳಿತು ಬನ್ನಿ. ನಿಮ್ಮೊಡನೆ ನಿಮ್ಮ ಹೆಣ್ಣುಮಕ್ಕಳನ್ನೂ ಕೂರಿಸಿಕೊಳ್ಳಿ. ಹಾಗೆಯೇ, ನಮ್ಮ ಊರಿನ ಕಡೆ ಬಂದವರು ಭಾನುವಾರ ಬೆಳಿಗ್ಗೆ ಮನೆಗೆ ದಯಮಾಡಿಸಿ. ಇಡ್ಲಿ ಇರುತ್ತದೆ, ಯೆಜ್ಡಿಯ ಸದ್ದೂ ಇರುತ್ತದೆ.

ಅದರ ಕೆಳಗೆ ಈಗಲೂ ಪತ್ರಿಕೆ ಹಾಸುತ್ತೇನೆ. ಅಭ್ಯಾಸ ಬಿಡಲಾಗಲಿಲ್ಲ. ನಿನ್ನೆ ತೆಗೆದ ಪತ್ರಿಕೆ ಮೂರು ತಿಂಗಳ ಹಿಂದಿನದು. ಒಣಗಿ ಹಳದಿಯಾಗಿತ್ತು, ಓದಬಹುದಾಗಿತ್ತು.